ಅಲ್ಲಾಡಿಸಿ ನೋಡಿ ಕೊಳ್ಳೋದು

2025ರ ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ತಿಪಟೂರಿನಿಂದ ಅಪ್ಪನ ಫೋನ್ ಬಂತು. ಅಷ್ಟು ಬೆಳಿಗ್ಗೆ ಫೋನ್ ಬಂದರೆ ಒಂದೋ ಕೊಬ್ಬರಿ ರೇಟಿನ ಸಮಾಚಾರ, ಇಲ್ಲಾಂದ್ರೆ ಯಾರೋ ತೀರಿಕೊಂಡ ಸುದ್ದಿ. ಅವತ್ತು ಬಂದಿದ್ದು ಎರಡನೇ ಜಾತಿಗೆ ಹತ್ತಿರದ್ದು.

"ನಮ್ಮ ಕಂಪ್ಯೂಟರಿಗೆ ಅಕ್ಟೋಬರ್ 14ಕ್ಕೆ ಆಯಸ್ಸು ಮುಗಿಯುತ್ತಂತೆ ಕಣೋ" ಅಂದರು. ಪರದೆ ತುಂಬ ಒಂದು ನೋಟೀಸು ಬಂದಿದೆ, ಅದನ್ನ ಮುಚ್ಚೋಕೆ ಹೆದರಿಕೆ, ರಾತ್ರಿಯಿಂದ ಹಾಗೇ ಬಿಟ್ಟಿದ್ದಾರೆ. ಬೀದಿ ತುದಿಯ ಕಂಪ್ಯೂಟರ್ ಅಂಗಡಿಯವನನ್ನು ಕೇಳಿಯೂ ಆಗಿತ್ತು. ಅವನು ನಗುತ್ತಾ "ವಿಂಡೋಸ್ 10 ಮುಗೀತು ಸಾರ್, ಈ ಡಬ್ಬಕ್ಕೆ 11 ಹತ್ತಲ್ಲ, ಹೊಸದು ತಗೊಳ್ಳಿ, ಎಲ್ಲ ಸೇರಿ 42 ಸಾವಿರಕ್ಕೆ ಮಾಡಿಕೊಡ್ತೀನಿ" ಅಂದಿದ್ದಾನೆ.

ಅವನು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಆ ತಾರೀಕಿಗೆ ಮೈಕ್ರೋಸಾಫ್ಟ್‌ನವರು ವಿಂಡೋಸ್ 10ಕ್ಕೆ ಎಂದಿನ ಅಪ್‌ಡೇಟ್ ಕೊಡೋದು ನಿಲ್ಲಿಸಲಿದ್ದರು. ವಿಂಡೋಸ್ 11 ಬಂದಿದ್ದು 2021ರ ಅಕ್ಟೋಬರಿನಲ್ಲಿ. ಅದು ಕೂರಬೇಕಾದರೆ ಟಿಪಿಎಂ 2.0 ಅನ್ನೋ ಭದ್ರತೆಯ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಮ್ಮಿ 8ನೇ ತಲೆಮಾರಿನದ್ದೋ ಆಮೇಲಿನದ್ದೋ ಆಗಿರಬೇಕು. ಅಪ್ಪನ ಡೆಸ್ಕ್‌ಟಾಪ್‌ನಲ್ಲಿರೋದು 7ನೇ ತಲೆಮಾರಿನ ಐ3. 2017ರ ಜೂನ್‌ನಲ್ಲಿ ನಾನೇ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಜೋಡಿಸಿ ತಂದಿದ್ದು. ಅದೇ ವರ್ಷ ಅಕ್ಟೋಬರಿನಲ್ಲಿ ಡೆಸ್ಕ್‌ಟಾಪ್‌ಗಳಿಗೆ 8ನೇ ತಲೆಮಾರು ಬಂತು. ನಾಲ್ಕು ತಿಂಗಳು ಕಾದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಇದನ್ನೆಲ್ಲ ಅಪ್ಪನಿಗೆ ಬಿಡಿಸಿ ಹೇಳಿದೆ. ಸಮಾಧಾನವಾಗಿ ಕೇಳಿಸಿಕೊಂಡು, ಕೊನೆಗೆ ಒಂದೇ ಒಂದು ಮಾತು ಕೇಳಿದರು. "ಸರಿ ಕಣಪ್ಪ. ಆ ಹನ್ನೊಂದು ಹೆಂಗಿದೆ ಅಂತ ಒಂದ್ಸಲ ನೋಡಿ ತಗೊಳ್ಳೋಕಾಗಲ್ವಾ? ಅಲ್ಲಾಡಿಸಿ ನೋಡದೆ ಕಾಯಿ ಒಡೀತಾರೇನೋ ಯಾರಾದರೂ?"

ತಿಪಟೂರು ಕಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳಿಬಿಡ್ತೀನಿ. ನಮ್ಮಲ್ಲಿ ಉಂಡೆ ಕೊಬ್ಬರಿಗೆ ಅಂತ ಬಲಿತ ತೆಂಗಿನಕಾಯಿಯನ್ನ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ನಿಧಾನಕ್ಕೆ ಇಂಗುತ್ತದೆ, ತಿರುಳು ಒಣಗಿ ಚಿಪ್ಪು ಬಿಡುತ್ತದೆ. ಆಗ ಕಾಯಿಯನ್ನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗುಡುಗುಡು ಅಂತ ಉಂಡೆ ಉರುಳೋದು ಕೇಳಿಸುತ್ತದೆ. ಸದ್ದಿಲ್ಲ ಅಂದರೆ ಇನ್ನೂ ಆಗಿಲ್ಲ, ವಾಪಸ್ ಅಟ್ಟಕ್ಕೆ. ಅಪ್ಪ ಎಪ್ಪತ್ತೊಂದರ ವಯಸ್ಸಿನಲ್ಲೂ ಅದನ್ನ ಕಿವಿಯಿಂದಲೇ ಹೇಳುತ್ತಾರೆ, ಒಡೆಯೋದು ಆಮೇಲೆ.

ಫೋನ್ ಇಟ್ಟ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಹದಿನೈದು ವರ್ಷಕ್ಕೂ ಮೇಲಿಂದ ಕಂಪ್ಯೂಟರಿನ ಕೆಲಸವನ್ನೇ ಮಾಡಿಕೊಂಡಿದ್ದೀನಿ. ಸೀರೆ ತಗೊಳ್ಳೋವಾಗ ಅಮ್ಮ ಸೆರಗು ಬಿಡಿಸಿ ಬೆಳಕಿಗೆ ಹಿಡಿದು ನೋಡುತ್ತಾಳೆ. ಅಕ್ಕಿ ಅಂಗಡಿಯಲ್ಲಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಹೊಸದೋ ಹಳೇದೋ ಅಂತ ಹೇಳುತ್ತಾಳೆ. ಆಪರೇಟಿಂಗ್ ಸಿಸ್ಟಂ, ಅಂದರೆ ವಿಂಡೋಸಿನಂಥ ಕಂಪ್ಯೂಟರ್ ನಡೆಸೋ ಮೂಲ ತಂತ್ರಾಂಶದ ವಿಷಯದಲ್ಲಿ ಮಾತ್ರ ನಾವ್ಯಾರೂ ಹಾಗೆ ಮಾಡಲ್ಲ. ಅಸಲು ನಾವು ಅದನ್ನ ಕೊಳ್ಳೋದೇ ಇಲ್ಲ ಅಲ್ವಾ? ಲ್ಯಾಪ್‌ಟಾಪ್ ಕೊಳ್ಳುತ್ತೇವೆ, ಅದು ಒಳಗೆ ಕೂತು ಬಂದಿರುತ್ತದೆ. ಡೆಸ್ಕ್‌ಟಾಪ್ ಆದರೆ ಜೋಡಿಸಿಕೊಟ್ಟವನು ಒಂದು ಸಿಡಿ ಹಾಕಿ "ಆಯ್ತು ಸಾರ್" ಅನ್ನುತ್ತಿದ್ದ. ಆ ಸಿಡಿ ಮೇಲೆ ಮಾರ್ಕರ್ ಪೆನ್ನಿನಲ್ಲಿ ವಿಂಡೋಸ್ ಎಕ್ಸ್‌ಪಿ ಅಂತ ಬರೆದಿರುತ್ತಿತ್ತು. ಅದಕ್ಕೆ ಬೆಲೆ ಇದೆ ಅನ್ನೋದು ಎಷ್ಟೋ ವರ್ಷ ನನಗೆ ಗೊತ್ತೇ ಇರಲಿಲ್ಲ. ಈಗಲೂ ಎಷ್ಟೋ ಅಂಗಡಿ ಆಫೀಸುಗಳಲ್ಲಿ ಪರದೆಯ ಬಲಗಡೆ ಮೂಲೆಯಲ್ಲಿ 'ವಿಂಡೋಸ್ ಆಕ್ಟಿವೇಟ್ ಮಾಡಿ' ಅನ್ನೋ ಮಸುಕು ಅಕ್ಷರ ಕಾಣಿಸುತ್ತದಲ್ಲ, ಅದೂ ಒಂದು ಲೆಕ್ಕದಲ್ಲಿ ಟ್ರಯಲ್ಲೇ. ಮುಗಿಯದ ಟ್ರಯಲ್.

ಹಾಗಂತ ನಾನು ನೋಡಿ ತಗೊಂಡಿದ್ದೇ ಇಲ್ಲ ಅಂತಲ್ಲ. ಎರಡು ಸಲ ಆಗಿದೆ. ಎರಡರಲ್ಲೂ ಪಾಠ ಕಲಿತೆ, ಎರಡನ್ನೂ ಮರೆತಿದ್ದೆ.

ಮೊದಲನೇದು 2006ರ ಶುರುವಿನಲ್ಲಿ. ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಉಬುಂಟು ಅಂತ ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಇದೆ, ಕೇಳಿದರೆ ಪುಕ್ಕಟೆಯಾಗಿ ಮನೆಗೇ ಸಿಡಿ ಕಳಿಸುತ್ತಾರೆ ಅಂತ ಹಾಸ್ಟೆಲಿನಲ್ಲಿ ಸುದ್ದಿ ಹಬ್ಬಿತು. ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ ಶುರು ಮಾಡಿದ ಕೆನಾನಿಕಲ್ ಕಂಪನಿಯ ಶಿಪ್‌ಇಟ್ ಅನ್ನೋ ಯೋಜನೆ ಅದು, 2011ರವರೆಗೂ ನಡೆಯಿತು. ಅಂಚೆ ಖರ್ಚು ಕೂಡ ಅವರದ್ದೇ. ನಾವು ನಂಬಲಿಲ್ಲ, ಆದರೂ ವಿಳಾಸ ಕೊಟ್ಟೆವು. ಒಂದೂವರೆ ತಿಂಗಳಾದ ಮೇಲೆ ಹತ್ತು ಜೊತೆ ಸಿಡಿ ಬಂತು! ಪೋಸ್ಟ್‌ಮ್ಯಾನು "ಫಾರಿನ್ನಿಂದ ಬಂದಿದೆ, ಸ್ವೀಟು ಎಲ್ಲಿ" ಅಂತ ಹತ್ತು ರೂಪಾಯಿ ಇಸಕೊಂಡ.

ಪ್ರತಿ ಕವರಿನಲ್ಲೂ ಎರಡು ಸಿಡಿ. ಒಂದು ಇನ್‌ಸ್ಟಾಲ್ ಮಾಡೋದಕ್ಕೆ, ಇನ್ನೊಂದು ಸುಮ್ನೆ ನೋಡೋದಕ್ಕೆ. ಆ ಎರಡನೇದಕ್ಕೆ ಲೈವ್ ಸಿಡಿ ಅನ್ನುತ್ತಿದ್ದರು. ಅದನ್ನ ಹಾಕಿ ಕಂಪ್ಯೂಟರ್ ಆನ್ ಮಾಡಿದರೆ ಹಾರ್ಡ್ ಡಿಸ್ಕನ್ನ ಮುಟ್ಟದೆಯೇ ಪೂರ್ತಿ ಸಿಸ್ಟಂ ಸಿಡಿಯಿಂದಲೇ ಏಳುತ್ತದೆ. ಹೀಗೆ ಸಿಡಿಯಿಂದ ಓಡಿಸೋದನ್ನ ಜನಪ್ರಿಯ ಮಾಡಿದ್ದು ಜರ್ಮನಿಯ ಕ್ಲೌಸ್ ಕ್ನಾಪರ್ 2000ದಲ್ಲಿ ತಂದ ಕ್ನಾಪಿಕ್ಸ್. ನಮಗೆ ಸಿಕ್ಕಿದ್ದು ಉಬುಂಟು. ಮಣ್ಣಿನ ಬಣ್ಣದ ಪರದೆ, ಶುರುವಾಗೋವಾಗ ಡೋಲಿನ ಸದ್ದು. ಇಡೀ ರೂಮಿಗೆ ರೂಮೇ ನಿಂತು ನೋಡಿತು. ಆಟ ಆಡಿದೆವು, ಬಣ್ಣ ಬದಲಾಯಿಸಿದೆವು. ನನಗೆ ಎಷ್ಟು ಹುಮ್ಮಸ್ಸು ಬಂತೆಂದರೆ, ನಾಡಿದ್ದು ಕೊಡಬೇಕಿದ್ದ ಸೆಮಿನಾರ್ ರಿಪೋರ್ಟನ್ನ ಅದರಲ್ಲೇ ಟೈಪ್ ಮಾಡಿದೆ. ಹನ್ನೊಂದು ಪುಟ. ಸೇವ್ ಕೂಡ ಮಾಡಿದೆ, ಡೆಸ್ಕ್‌ಟಾಪ್ ಮೇಲೆ. ಶಟ್‌ಡೌನ್ ಮಾಡಿ ಊಟಕ್ಕೆ ಹೋದೆ.

ಬಂದು ಆನ್ ಮಾಡಿದರೆ ಎಲ್ಲ ತೊಳೆದ ಹಾಗಿದೆ. ಲೈವ್ ಸಿಡಿ ಏನನ್ನೂ ಇಟ್ಟುಕೊಳ್ಳೋದಿಲ್ಲ, ನೀವು ಮಾಡಿದ್ದೆಲ್ಲ ರ‍್ಯಾಮ್‌ನಲ್ಲಿ ಇರುತ್ತದೆ, ಕರೆಂಟು ಹೋದರೆ ಅದೂ ಹೋಯಿತು. ಇದು ನನಗೆ ಗೊತ್ತಿತ್ತು. ಬಾಯಿಪಾಠವೂ ಆಗಿತ್ತು. ಆದರೂ ಬೆರಳಿಗೆ ಗೊತ್ತಿರಲಿಲ್ಲ ನೋಡಿ, ಅಲ್ಲೇ ಎಡವಟ್ಟಾಗಿದ್ದು. ರಾತ್ರಿಯೆಲ್ಲ ಕೂತು ಎಕ್ಸ್‌ಪಿಯಲ್ಲಿ ಮತ್ತೆ ಟೈಪ್ ಮಾಡಿದೆ. ಆಮೇಲೆ ಆ ಸಿಡಿ ಬಹಳ ದಿನ ಕಾಫಿ ಲೋಟ ಇಡೋದಕ್ಕೆ ಬಳಕೆಯಾಯಿತು.

ಎರಡನೇದು 2009. ಬೆಂಗಳೂರಿನಲ್ಲಿ ಕೆಲಸ, ವಿಜಯನಗರದಲ್ಲಿ ಮೂವರು ಸೇರಿ ಒಂದು ಮನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ವಿಸ್ಟಾ ಇತ್ತು. ಇದ್ದ 1 ಜಿಬಿ ರ‍್ಯಾಮಿಗೆ ಅದು ಭಾರವೇ, ಹಾಗಾಗಿ ಆನ್ ಮಾಡಿ ಹಲ್ಲುಜ್ಜೋದಕ್ಕೆ ಹೋಗೋದು ರೂಢಿ. ಅಂಥ ಹೊತ್ತಿನಲ್ಲಿ ಮೈಕ್ರೋಸಾಫ್ಟ್‌ನವರು ವಿಂಡೋಸ್ 7ರ ರಿಲೀಸ್ ಕ್ಯಾಂಡಿಡೇಟ್ ಅನ್ನ, ಅಂದರೆ ಮಾರಾಟಕ್ಕೆ ಮುಂಚಿನ ಪರೀಕ್ಷೆಯ ಆವೃತ್ತಿಯನ್ನ, ಮೇ ತಿಂಗಳಲ್ಲಿ ಎಲ್ಲರಿಗೂ ಬಿಟ್ಟರು. ಅಂಗಡಿಗೆ ಬರೋದು ಅಕ್ಟೋಬರ್ 22ಕ್ಕೆ, ಅದಕ್ಕೂ ಐದು ತಿಂಗಳು ಮುಂಚೆಯೇ ಹೆಚ್ಚುಕಮ್ಮಿ ಪೂರ್ತಿ ಸಿಸ್ಟಂ ಪುಕ್ಕಟೆ, 2010ರ ಜೂನ್ 1ರವರೆಗೆ. ಇಷ್ಟು ದೊಡ್ಡ ಟ್ರಯಲ್ ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ.

ಡೌನ್‌ಲೋಡ್ ಸುಮಾರು 2.4 ಜಿಬಿ. ಈಗಿನವರಿಗೆ ಇದು ನಗು ತರಿಸಬಹುದು. ಆಗ ನಮ್ಮ ಬ್ರಾಡ್‌ಬ್ಯಾಂಡ್ ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಮಾತ್ರ ಲೆಕ್ಕ ಇರಲಿಲ್ಲ, ಹಗಲು ಇಳಿಸಿದರೆ ಬಿಲ್ಲು ನೋಡಿ ಎದೆ ಒಡೀಬೇಕು. ಹಾಗಾಗಿ 1:55ಕ್ಕೆ ಅಲಾರಾಂ, ಡೌನ್‌ಲೋಡ್ ಶುರು ಮಾಡಿ ಮಲಗೋದು, 7:50ಕ್ಕೆ ಇನ್ನೊಂದು ಅಲಾರಾಂ, ನಿಲ್ಲಿಸೋದು. ಮೂರು ರಾತ್ರಿ ಆಯಿತು. ನಾಲ್ಕನೇ ದಿನ ಡಿವಿಡಿಗೆ ಬರೆದು ಹಾಕಿದೆ. ಪರದೆ ಮೇಲೆ ಒಂದು ಮೀನು ಬಂತು. ಬೆಟ್ಟಾ ಅನ್ನೋ ಜಾತಿಯ ಮೀನು ಅದು, ಪರೀಕ್ಷೆಯ ಆವೃತ್ತಿಗೆ ಹೇಳೋ ಬೀಟಾ ಅನ್ನೋ ಮಾತಿಗೆ ತಮಾಷೆಯಾಗಿ ಹಾಕಿದ್ದು. ಅದೇ ಲ್ಯಾಪ್‌ಟಾಪ್, ಅದೇ 1 ಜಿಬಿ. ಹಲ್ಲುಜ್ಜೋಕೆ ಹೋಗೋ ಅಗತ್ಯ ಬೀಳಲಿಲ್ಲ.

ಹತ್ತು ತಿಂಗಳು ಅದರಲ್ಲೇ ಬಾಳಿದೆ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಬಾರದು ಅಂದುಕೊಂಡೇ ಹೋಗಿರುತ್ತೇವೆ, ಆಮೇಲೆ ಕ್ಯಾಲೆಂಡರಿಗೆ ಒಂದು, ದೇವರ ಫೋಟೋಗೆ ಒಂದು ಅಂತ ಗೋಡೆಯೆಲ್ಲ ಮೊಳೆ. ಹಾಗೆಯೇ ಆಯಿತು. ಸುಮ್ನೆ ನೋಡೋಣ ಅಂತ ಹಾಕಿದ್ದರಲ್ಲಿ ಆಫೀಸಿನ ಕೆಲಸ, ಫೋಟೋ, ಹಾಡು, ಬ್ಯಾಂಕಿನ ಕಾಗದ ಎಲ್ಲ ಸೇರಿಕೊಂಡವು. ಮೈಕ್ರೋಸಾಫ್ಟ್‌ನವರಿಗೆ ಇದು ಗೊತ್ತಿರುತ್ತದೆ. ಅದಕ್ಕೇ ಅಲ್ವಾ ಅಷ್ಟು ಉದ್ದದ ಅವಧಿ ಕೊಡೋದು.

2010ರ ಮಾರ್ಚ್ 1 ಬಂತು. ಅವತ್ತಿನಿಂದ ಎರಡು ಗಂಟೆಗೊಮ್ಮೆ ಕಂಪ್ಯೂಟರ್ ತಾನಾಗೇ ಶಟ್‌ಡೌನ್ ಆಗುತ್ತದೆ, ಸೇವ್ ಮಾಡಿಲ್ಲದ್ದು ಹೋಗುತ್ತದೆ ಅಂತ ಮೊದಲೇ ಹೇಳಿದ್ದರು. ಹೇಳಿದ ಹಾಗೆಯೇ ಮಾಡಿದರು, ತಪ್ಪೇನಿಲ್ಲ. ನಾನು ಅದಕ್ಕೂ ಒಗ್ಗಿಕೊಂಡೆ. ಎರಡು ಗಂಟೆ ಕೆಲಸ, ಕಂಪ್ಯೂಟರ್ ಆರಿದ ತಕ್ಷಣ ಎದ್ದು ಹೋಗಿ ಟೀ ಕುಡಿಯೋದು. ರೂಮಿನ ಗೆಳೆಯ ಕುಕ್ಕರ್ ಇಡೋದೂ ಆ ಲೆಕ್ಕದಲ್ಲೇ ನಡೆಯಿತು. ನಿಜ ಹೇಳಬೇಕಂದ್ರೆ ಆ ಎರಡು ತಿಂಗಳು ನಾನು ಮಾಡಿದಷ್ಟು ಕೆಲಸ ಆಮೇಲೆ ಯಾವತ್ತೂ ಮಾಡಿಲ್ಲ.

ಕೊನೆಗೆ ಮೇ ತಿಂಗಳಲ್ಲಿ ಎಸ್.ಪಿ. ರೋಡಿಗೆ ಹೋಗಿ ವಿಂಡೋಸ್ 7 ಹೋಮ್ ಪ್ರೀಮಿಯಂ ಡಿಸ್ಕ್ ಕೊಂಡೆ. ಜೀವನದಲ್ಲಿ ಮೊದಲ ಸಲ ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಂಡಿದ್ದು. ಅಂಗಡಿಯವನೇ ಎರಡು ಸಲ ಕೇಳಿದ, "ಒರಿಜಿನಲ್ಲೇ ಬೇಕಾ ಸಾರ್?" ಅಂತ. ಕೊಂಡ ಮೇಲೂ ಸುಲಭ ಇರಲಿಲ್ಲ. ಟ್ರಯಲ್ ಮೇಲೆ ಅಸಲಿಯನ್ನ ನೇರ ಕೂರಿಸೋ ಹಾಗಿಲ್ಲ, ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು. ಹತ್ತು ತಿಂಗಳಲ್ಲಿ ಹೊಡೆದ ಮೊಳೆಯನ್ನೆಲ್ಲ ಒಂದು ಶನಿವಾರ ಕಿತ್ತೆ.

ಇಂಥದ್ದು ಈಗಲೂ ಇದೆ. ವಿಂಡೋಸ್ 11ರ ಎಂಟರ್‌ಪ್ರೈಸ್ ಆವೃತ್ತಿಯನ್ನ 90 ದಿನ ನೋಡೋದಕ್ಕೆ ಕೊಡುತ್ತಾರೆ, ಮುಗಿದ ಮೇಲೆ ಪರದೆ ಕಪ್ಪಾಗುತ್ತದೆ, ಗಂಟೆಗೊಮ್ಮೆ ಆರುತ್ತದೆ. ಆ ಕಡೆ ಲಿನಕ್ಸ್‌ನವರ ಲೈವ್ ಸಿಡಿಗೆ ಗಡುವು ಅನ್ನೋದೇ ಇಲ್ಲ, ಹತ್ತು ವರ್ಷ ಬೇಕಾದರೂ ನೋಡಬಹುದು. ಆದರೆ ಅದಕ್ಕೆ ನೆನಪಿಲ್ಲ. ಬೆಳಿಗ್ಗೆ ನೀವ್ಯಾರೋ ಅದ್ಯಾರೋ. ಒಂದು ಎಲ್ಲ ನೆನಪಿಟ್ಟುಕೊಂಡು ಒಂದು ದಿನ ಹೊರಗೆ ಹಾಕುತ್ತದೆ, ಇನ್ನೊಂದು ಯಾವತ್ತೂ ಹೊರಗೆ ಹಾಕಲ್ಲ, ಗುರುತೂ ಹಿಡಿಯಲ್ಲ.

ಸರಿ, ಅಪ್ಪನ ಕಂಪ್ಯೂಟರಿಗೆ ಬರೋಣ. ದಸರಾ ರಜೆಗೆ ಊರಿಗೆ ಹೋದೆ. ಆಯುಧಪೂಜೆ ಅಕ್ಟೋಬರ್ 1ಕ್ಕಿತ್ತು. ಮಚ್ಚು, ಕಾಯಿ ಸುಲಿಯೋ ಕಬ್ಬಿಣ, ಟಿವಿಎಸ್ ಗಾಡಿ, ಅದರ ಪಕ್ಕಕ್ಕೆ ಕಂಪ್ಯೂಟರ್. ಅಮ್ಮ ಕ್ಯಾಬಿನೆಟ್ ಮೇಲೆ ಕುಂಕುಮ ಇಟ್ಟು, ಫ್ಯಾನಿನ ಜಾಗಕ್ಕೆ ಸೇವಂತಿಗೆ ಸಿಕ್ಕಿಸಿದ್ದಳು. "ಹೋಗೋ ಮುಂಚೆ ಒಂದು ಪೂಜೆ ಆಗಲಿ ಬಿಡು" ಅಂದಳು.

ನಾನು ಎರಡು ಪರೀಕ್ಷೆಗೆ ಸಿದ್ಧವಾಗಿ ಹೋಗಿದ್ದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇದೆ, ಅದನ್ನ ಎರಡು ದಿನ ಅಪ್ಪನಿಗೆ ಬಿಟ್ಟುಕೊಡೋದು. ಆಮೇಲೆ ಅವರದ್ದೇ ಡೆಸ್ಕ್‌ಟಾಪ್‌ಗೆ ಪೆನ್ ಡ್ರೈವ್ ಹಾಕಿ ಉಬುಂಟು ಥರದ್ದೇ ಪುಕ್ಕಟೆ ಸಿಸ್ಟಂ ಆದ ಲಿನಕ್ಸ್ ಮಿಂಟ್ ತೋರಿಸೋದು. ಹೊಸ ಗುಂಡಿ, ಹೊಸ ಬಣ್ಣ ತೋರಿಸಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಹಾಸ್ಟೆಲಿನಲ್ಲಿ ನಾವು ಮಾಡಿದ್ದು ಅದೇ ತಪ್ಪು. "ಅಪ್ಪಾ, ನೀವು ದಿನಾ ಏನೇನು ಮಾಡ್ತೀರೋ ಅಷ್ಟು ಬರೆದುಕೊಡಿ" ಅಂದೆ. ಸೊಸೈಟಿ ಡೈರಿಯ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಕೊಬ್ಬರಿ ಲೆಕ್ಕದ ಎಕ್ಸೆಲ್. ದೇವಸ್ಥಾನ ಕಮಿಟಿಯ ಪತ್ರ, ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ. ಅದರ ಪ್ರಿಂಟು. ವಾಟ್ಸಾಪು. ರಾತ್ರಿ ಯೂಟ್ಯೂಬಿನಲ್ಲಿ ಹರಿಕಥೆ. ಕೊನೆಗೆ ಸಣ್ಣ ಅಕ್ಷರದಲ್ಲಿ 'ಇಸ್ಪೀಟು' ಅಂತ.

ವಿಂಡೋಸ್ 11ರಲ್ಲಿ ಇದಿಷ್ಟೂ ಮೊದಲ ದಿನವೇ ಆಯಿತು. ಸ್ಟಾರ್ಟ್ ಗುಂಡಿ ಮಧ್ಯಕ್ಕೆ ಬಂದಿದ್ದಕ್ಕೆ ಅಪ್ಪ ಅರ್ಧ ದಿನ ಗೊಣಗಿದರು, ಅದನ್ನ ಎಡಕ್ಕೆ ತಂದುಕೊಟ್ಟೆ. ರೈಟ್ ಕ್ಲಿಕ್ ಮಾಡಿದರೆ ಅರ್ಧ ಪಟ್ಟಿ ಮಾತ್ರ ಬರುತ್ತದೆ, ಉಳಿದದ್ದಕ್ಕೆ ಇನ್ನೊಂದು ಸಲ ಒತ್ತಬೇಕು, ಅದಕ್ಕೂ ಸ್ವಲ್ಪ ಬೈದರು. ಅದು ಬಿಟ್ಟರೆ ನುಡಿ ನಡೆಯಿತು, ಪ್ರಿಂಟರ್ ನಡೆಯಿತು. ಎರಡನೇ ದಿನ ಸಂಜೆ ಲ್ಯಾಪ್‌ಟಾಪ್ ಮುಚ್ಚಿ "ಮನೆ ಅದೇ, ಸುಣ್ಣ ಹೊಸದು. ಇದಕ್ಕೆ 42 ಸಾವಿರನಾ?" ಅಂದರು. ಉತ್ತರ ಹೇಳೋದಕ್ಕೆ ಬಾಯಿ ತೆರೆದೆ. ಭದ್ರತೆ, ಅಪ್‌ಡೇಟು, ಟಿಪಿಎಂ... ಅರ್ಧಕ್ಕೆ ನಿಲ್ಲಿಸಿದೆ. ಆ ಉತ್ತರ ಮಾರನೇ ದಿನ ತಾನಾಗೇ ಬಂತು, ನಾನು ಅಂದುಕೊಳ್ಳದ ರೀತಿಯಲ್ಲಿ.

ಮಿಂಟ್‌ನ ಆಗಿನ ಹೊಸ ಆವೃತ್ತಿ 22.2, ಹೆಸರು ಝಾರಾ. ಅವರು ಪ್ರತಿ ಆವೃತ್ತಿಗೂ 'ಆ'ಕಾರದಲ್ಲಿ ಕೊನೆಯಾಗೋ ಹೆಣ್ಣಿನ ಹೆಸರಿಡುತ್ತಾರೆ. ಅದನ್ನ ರೂಫಸ್ ಅನ್ನೋ ಚಿಕ್ಕ ತಂತ್ರಾಂಶದಲ್ಲಿ 16 ಜಿಬಿ ಪೆನ್ ಡ್ರೈವ್‌ಗೆ ಬರೆದುಕೊಂಡು ಹೋಗಿದ್ದೆ. ಕಂಪ್ಯೂಟರ್ ಆನ್ ಮಾಡಿ ಎಫ್12 ಕುಟ್ಟುತ್ತಾ ಕೂತರೆ ಯಾವುದರಿಂದ ಶುರು ಮಾಡಲಿ ಅಂತ ಕೇಳುತ್ತದೆ. ಪೆನ್ ಡ್ರೈವ್ ಅಂತ ಹೇಳಿದೆ. ಎರಡು ನಿಮಿಷಕ್ಕೆ ಮಿಂಟ್ ಬಂತು. ಪೆನ್ ಡ್ರೈವ್‌ನಿಂದ ಓಡೋವಾಗ ಯಾವುದನ್ನ ಮೊದಲ ಸಲ ತೆರೆದರೂ ನಿಧಾನ, ಅದನ್ನ ಅಪ್ಪನಿಗೆ ಮೊದಲೇ ಹೇಳಿದ್ದೆ, ಇಲ್ಲದಿದ್ದರೆ ಅಲ್ಲೇ ಫೇಲ್ ಮಾಡುತ್ತಿದ್ದರು.

ಲೆಕ್ಕದ ಫೈಲು ಅವರ ಹಾರ್ಡ್ ಡಿಸ್ಕ್‌ನಲ್ಲಿದೆಯಲ್ಲ. ಮಿಂಟ್‌ನ ಫೈಲ್ ಕಿಟಕಿ ತೆರೆದೆ, ಎಡಗಡೆ ಅವರ ಡಿಸ್ಕ್ ಕಾಣಿಸಿತು, ಒತ್ತಿದೆ, ಅವರ ಹೆಸರಿನ ಫೋಲ್ಡರು, ಅದರೊಳಗೆ ಡಾಕ್ಯುಮೆಂಟ್ಸ್, ಅದರೊಳಗೆ ಎಲ್ಲ.

ಅಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಪಾಸ್‌ವರ್ಡ್ ಕೇಳಲೇ ಇಲ್ವಲ್ಲೋ?"

"ಕೇಳಲ್ಲ ಅಪ್ಪ. ಆ ಪಾಸ್‌ವರ್ಡು ವಿಂಡೋಸಿನ ಬಾಗಿಲಿಗೆ. ನಾವು ಆ ಬಾಗಿಲಲ್ಲಿ ಬರಲಿಲ್ಲ."

"ಅಂದ್ರೆ ಯಾರು ಬೇಕಾದರೂ ಹಿಂಗೆ ಪೆನ್ ಡ್ರೈವ್ ಹಾಕಿ..."

"ಡಿಸ್ಕನ್ನ ಎನ್‌ಕ್ರಿಪ್ಟ್ ಮಾಡಿ, ಗುಪ್ತ ಸಂಕೇತದ ಬೀಗ ಹಾಕಿಲ್ಲ ಅಂದ್ರೆ, ಹೌದು."

ಸುಮಾರು ಹೊತ್ತು ಮಾತಾಡಲಿಲ್ಲ. ಎಂಟು ವರ್ಷ ದಿನಾ ಬೆಳಿಗ್ಗೆ ಒಂದೊಂದೇ ಅಕ್ಷರ ಹುಡುಕಿ ಆ ಪಾಸ್‌ವರ್ಡ್ ಹೊಡೆದಿದ್ದಾರೆ. ನಾನು ಊರಿಗೆ ಹೋದಾಗ ಹೊಡೆಯೋವಾಗ "ಆ ಕಡೆ ತಿರುಗು" ಅನ್ನುತ್ತಿದ್ದರು. ಅಮ್ಮ ಒಳಗಿಂದಲೇ "ಮುಂಬಾಗಿಲಿಗೆ ಬೀಗ, ಹಿತ್ತಲ ಬಾಗಿಲು ಹಾರು ಹೊಡೆದಿತ್ತಂತಾ?" ಅಂದಳು. ನಿನ್ನೆ ಕೇಳಿದ 42 ಸಾವಿರದ ಪ್ರಶ್ನೆಗೆ ಉತ್ತರದ ಒಂದು ತುಂಡು ಇದು, ಯಾಕಂದ್ರೆ ಟಿಪಿಎಂ ಚಿಪ್ ಇರೋದೇ ಇಂಥ ಬೀಗದ ಕೀಲಿಯನ್ನ ಜೋಪಾನ ಮಾಡೋದಕ್ಕೆ. ಆದರೆ ಇದನ್ನ ತೋರಿಸಿಕೊಟ್ಟಿದ್ದು ಹೊಸ ವಿಂಡೋಸಲ್ಲ, ಪುಕ್ಕಟೆ ಪೆನ್ ಡ್ರೈವು. ಹೊಸ ಮನೆ ನೋಡೋಕೆ ಹೋದವರು ಹಳೇ ಮನೆಯ ಸೋರಿಕೆ ಕಂಡ ಹಾಗಾಯಿತು.

ಎಕ್ಸೆಲ್ ಫೈಲು ಮಿಂಟ್ ಜೊತೆ ಬರೋ ಲಿಬ್ರೆಆಫೀಸಿನಲ್ಲಿ ತೆರೆಯಿತು. ಕೂಡಿಸೋದು ಕಳೆಯೋದು ಎಲ್ಲ ಸರಿ. ತಾರೀಕು ಮಾತ್ರ ತಿರುಗುಮುರುಗು. ಲೈವ್ ಮಿಂಟು ಅಮೆರಿಕದ ಪದ್ಧತಿಯಲ್ಲಿ ಏಳುತ್ತದೆ, ತಿಂಗಳು ಮೊದಲು, ದಿನ ಆಮೇಲೆ. ಏಪ್ರಿಲ್ 12ರ ಹರಾಜು 04/12 ಅಂತ ಕೂತಿತ್ತು. "ಡಿಸೆಂಬರ್ ನಾಲ್ಕು ಇನ್ನೂ ಬಂದೇ ಇಲ್ಲ, ಕೊಬ್ಬರಿ ಮಾರಿಬಿಟ್ಟಿದೆ ನೋಡು" ಅಂತ ಅಪ್ಪ ನಕ್ಕರು. ಸೆಟ್ಟಿಂಗಿನಲ್ಲಿ ಭಾರತ ಅಂತ ಆರಿಸಿದೆ, ಸರಿಹೋಯಿತು.

ಕಷ್ಟ ಇದ್ದಿದ್ದು ಕನ್ನಡದಲ್ಲಿ. ಇದನ್ನ ಸ್ವಲ್ಪ ಉದ್ದವಾಗೇ ಹೇಳುತ್ತೇನೆ, ಯಾಕಂದ್ರೆ ಇಂಗ್ಲಿಷಿನಲ್ಲಿ ಮಿಂಟ್ ಬಗ್ಗೆ ಬರೆಯೋ ಯಾರೂ ಇದನ್ನ ಬರೆಯಲ್ಲ. ಕಮಿಟಿ ಪತ್ರ ತೆರೆದರೆ ಪರದೆ ತುಂಬ ತಲೆಬುಡವಿಲ್ಲದ ರೋಮನ್ ಅಕ್ಷರ, ಅವುಗಳ ತಲೆ ಮೇಲೆ ಕೊಂಬು ಟೋಪಿ. ನುಡಿಯ ಹಳೇ ಫಾಂಟುಗಳು ಯೂನಿಕೋಡ್ ಅಲ್ಲ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡೋ ಜಗತ್ತಿನ ಪದ್ಧತಿಯಲ್ಲಿಲ್ಲ. ಫೈಲಿನಲ್ಲಿ ಅಸಲು ಕನ್ನಡವೇ ಇರುವುದಿಲ್ಲ, ಇರೋದು ರೋಮನ್ ಅಕ್ಷರದ ಸಂಕೇತ, ಫಾಂಟು ಅದರ ಮೇಲೆ ಕನ್ನಡದ ವೇಷ ಹಾಕುತ್ತದೆ. ಫಾಂಟ್ ಇಲ್ಲದ ಕಡೆ ವೇಷ ಕಳಚಿಬೀಳುತ್ತದೆ. ಹದಿನೈದು ವರ್ಷದ ದೇವಸ್ಥಾನದ ಲೆಕ್ಕ, ನಡಾವಳಿ ಎಲ್ಲ ಹೀಗೇ ಇದೆ ಅನ್ನೋದು ಅಪ್ಪನಿಗೆ ಅವತ್ತೇ ಗೊತ್ತಾಗಿದ್ದು. ಪರಿಹಾರ ಸುಲಭವಾಗಿಯೇ ಸಿಕ್ಕಿತು. ಅವರ ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟನ್ನ ತಂದು, ಎರಡು ಸಲ ಒತ್ತಿ ಇನ್‌ಸ್ಟಾಲ್ ಅಂದೆ. ಪತ್ರ ಮತ್ತೆ ತೆರೆದರೆ ಕನ್ನಡ ವಾಪಸ್ ಬಂತು.

ಓದೋದಾಯಿತು, ಬರೆಯೋದು? ಇಲ್ಲಿ ನನಗೇ ಒಂದು ಆಶ್ಚರ್ಯ ಕಾದಿತ್ತು. ಮಿಂಟ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಅಂತ ಹುಡುಕಿದರೆ 'ಕನ್ನಡ (ಕಗಪ)' ಅಂತ ಇದೆ. ಕಗಪ ಅಂದರೆ ನಮ್ಮ ಕನ್ನಡ ಗಣಕ ಪರಿಷತ್ತು, ನುಡಿ ಮಾಡಿದವರು! ಯಾವುದೋ ದೇಶದವರು ಕಟ್ಟಿದ ಸಿಸ್ಟಂನಲ್ಲಿ ಆ ಮೂರಕ್ಷರ ಕಂಡು ಅಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು.

ಖುಷಿ ಒಂದು ನಿಮಿಷ. 'ಎಲ್ಲ ಭಕ್ತಾದಿಗಳಲ್ಲಿ' ಅಂತ ಶುರು ಮಾಡಿದರು. ಎ ಬರಲಿಲ್ಲ. ಬರೀ ಎತ್ವ ಬಂತು, ಚುಕ್ಕೆ ಚುಕ್ಕೆಯ ಒಂದು ಸೊನ್ನೆಗೆ ನೇತುಬಿದ್ದುಕೊಂಡು. ನುಡಿಯಲ್ಲಿ ಪದದ ಮೊದಲಿಗೆ ಒತ್ತಿದರೆ ಎ, ವ್ಯಂಜನದ ಮೇಲೆ ಒತ್ತಿದರೆ ಎತ್ವ, ಅದನ್ನ ತಂತ್ರಾಂಶವೇ ನೋಡಿಕೊಳ್ಳುತ್ತದೆ. ಇಲ್ಲಿ ಆ ಬುದ್ಧಿ ಇಲ್ಲ, ಒತ್ತಿದ್ದಕ್ಕೆ ಗುಣಿತವೇ ಬರುತ್ತದೆ, ಬಿಡಿ ಸ್ವರ ಬೇಕೆಂದರೆ ಬಲಗಡೆಯ ಆಲ್ಟ್ ಹಿಡಿದು ಒತ್ತಬೇಕು. ಕೇಳೋಕೆ ಸಣ್ಣ ವಿಷಯ. ಅಪ್ಪನ ಬೆರಳಿಗೆ ಅದು ಹೊಸ ಊರು. ನಾಲ್ಕು ಸಾಲಿನ ಪತ್ರಕ್ಕೆ ನಲವತ್ತು ನಿಮಿಷ ಹಿಡಿಯಿತು. ಪ್ರತಿ ಸಲ ಎತ್ವ ನೇತುಬಿದ್ದಾಗಲೂ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಹಾಸ್ಟೆಲಿನ ಹನ್ನೊಂದು ಪುಟ ನನಗೆ ನೆನಪಾಗಿದ್ದು ಆಗ.

ಪ್ರಿಂಟರ್ ಮಾತ್ರ ಏನು ಮಾಡಿದರೂ ಆಗಲಿಲ್ಲ. ಊರೂರಿನ ಜೆರಾಕ್ಸ್ ಅಂಗಡಿಯಲ್ಲಿ ಕಾಣೋ ಅದೇ ಪುಟ್ಟ ಲೇಸರ್ ಪ್ರಿಂಟರು. ನಾನು ಡ್ರೈವರ್ ಹುಡುಕುತ್ತಾ ಮಧ್ಯಾಹ್ನದ ಊಟ ತಣ್ಣಗಾಗಿಸಿದೆ, ಕೊನೆಗೆ ಕೈಬಿಟ್ಟೆ. ಪತ್ರವನ್ನ ಪಿಡಿಎಫ್ ಮಾಡಿ ಫೋನಿಗೆ ಹಾಕಿಕೊಂಡು ಅಪ್ಪನೇ ಅಂಗಡಿಗೆ ಹೋಗಿ ಪ್ರಿಂಟ್ ತಂದರು. "ಐದು ರೂಪಾಯಿ ಆಯ್ತು. 42 ಸಾವಿರ ಅಂದ್ರೆ ಎಷ್ಟು ಪುಟ ಆಗುತ್ತೆ ಲೆಕ್ಕ ಹಾಕು" ಅಂದರು. ಎಂಟು ಸಾವಿರದ ನಾನೂರು. ಅಷ್ಟು ಪತ್ರ ಬರೆಯೋ ಕಮಿಟಿ ಅದಲ್ಲ.

ರಾತ್ರಿ ಪೆನ್ ಡ್ರೈವ್ ತೆಗೆದು ಮತ್ತೆ ವಿಂಡೋಸ್ 10 ಹಾಕಿದರೆ ಗಡಿಯಾರ ಐದೂವರೆ ಗಂಟೆ ಹಿಂದೆ. ಮದರ್‌ಬೋರ್ಡಿನ ಗಡಿಯಾರವನ್ನ ಲಿನಕ್ಸು ಗ್ರೀನಿಚ್ ಲೆಕ್ಕಕ್ಕೆ ಇಡುತ್ತದೆ, ವಿಂಡೋಸು ನಮ್ಮ ಲೆಕ್ಕಕ್ಕೆ ಓದುತ್ತದೆ, ಅಷ್ಟೇ ಜಗಳ. ಹಾರ್ಡ್ ಡಿಸ್ಕ್ ಮುಟ್ಟಲ್ಲ ಅಂತ ನಾನು ಕೊಟ್ಟ ಮಾತು ನಿಜವೇ, ಗಡಿಯಾರ ಮುಟ್ಟಲ್ಲ ಅಂತ ಹೇಳಿರಲಿಲ್ಲ.

ಮಧ್ಯೆ ಒಂದು ಮಾತು. ಆಪಲ್‌ನವರದ್ದನ್ನೂ ನೋಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಬೆಂಗಳೂರಿನ ಹೆಬ್ಬಾಳದಲ್ಲಿ ಅವರ ಮಳಿಗೆ ಅದೇ ಸೆಪ್ಟೆಂಬರ್ 2ಕ್ಕೆ ಶುರುವಾಗಿತ್ತು, ವಾಪಸ್ ಬಂದ ಮೇಲೆ ಹೋಗಿದ್ದೆ. ಮೇಜಿನ ಮೇಲೆ ಸಾಲಾಗಿ ಮ್ಯಾಕ್ ಇಟ್ಟಿದ್ದಾರೆ, ಎಷ್ಟು ಹೊತ್ತು ಬೇಕಾದರೂ ನಿಂತು ನೋಡಿ, ಯಾರೂ ಏನೂ ಅನ್ನಲ್ಲ. ಬಹಳ ಚೆನ್ನಾಗಿದೆ. ಆದರೆ ಅಲ್ಲಿ ನನ್ನ ಫೈಲಿಲ್ಲ, ಅಪ್ಪನ ಪ್ರಿಂಟರಿಲ್ಲ, ಕೊಬ್ಬರಿ ಲೆಕ್ಕ ಇಲ್ಲ. ಹೆಣ್ಣು ನೋಡೋಕೆ ಹೋಗಿ ಉಪ್ಪಿಟ್ಟು ಕೇಸರಿಬಾತ್ ತಿಂದು ಬಂದ ಹಾಗೆ. ಕೇಸರಿಬಾತ್ ಚೆನ್ನಾಗಿತ್ತು ಅಂತ ಮನೆಗೆ ಬಂದು ಹೇಳಬಹುದು, ಅಷ್ಟೇ.

ಕೊನೆಗೆ ಏನು ಕೊಂಡಿರಿ ಅಂತೀರಾ? ಏನೂ ಇಲ್ಲ. ವಿಂಡೋಸ್ 10ಕ್ಕೆ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ, ಭದ್ರತೆಯ ಅಪ್‌ಡೇಟ್ ಕೊಡೋ ಯೋಜನೆ ಇದೆ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡು ಕೊಡಬೇಕಿಲ್ಲ. ಅದಕ್ಕೆ ಸೇರಿಸಿ ಬಂದೆ. ನುಡಿಯ ಹಳೇ ಫೈಲುಗಳನ್ನ ಒಂದೊಂದಾಗಿ ಯೂನಿಕೋಡಿಗೆ ತರೋ ಕೆಲಸ ನನ್ನ ತಲೆಗೆ ಬಂತು, ವಾರಕ್ಕೆ ಹತ್ತರ ಹಾಗೆ ನಡೆದಿದೆ. ಬರೋ ಮುಂಚೆ ಇನ್ನೊಂದು ಪೆನ್ ಡ್ರೈವ್ ಮಾಡಿಕೊಟ್ಟೆ. ರೂಫಸ್‌ನಲ್ಲಿ ಸ್ವಲ್ಪ ಜಾಗವನ್ನ ನೆನಪಿಗೆ ಅಂತ ಮೀಸಲಿಡಬಹುದು, ಹಾಗೆ ಮಾಡಿದರೆ ಲೈವ್ ಮಿಂಟು ಕೂಡ ಫಾಂಟು, ಕೀಬೋರ್ಡು, ತಾರೀಕಿನ ಪದ್ಧತಿ ಎಲ್ಲ ಮರೆಯದೆ ಇಟ್ಟುಕೊಳ್ಳುತ್ತದೆ. ಅಪ್ಪ ಅದಕ್ಕೊಂದು ದಾರ ಕಟ್ಟಿ ಅಟ್ಟದ ಬೀಗದ ಕೈ ಪಕ್ಕ ಮೊಳೆಗೆ ನೇತುಹಾಕಿದ್ದಾರೆ. ಭಾನುವಾರ ಮಧ್ಯಾಹ್ನ ಅದನ್ನ ಹಾಕಿಕೊಂಡು ಒಂದು ಗಂಟೆ ಕೂರುತ್ತಾರಂತೆ. ಅಮ್ಮ ಹೇಳಿದ್ದು, ಅವರಾಗಿ ಹೇಳಿಲ್ಲ.

ಪಾಸ್‌ವರ್ಡನ್ನ ಈಗ ನನ್ನೆದುರಿಗೇ ಹೊಡೆಯುತ್ತಾರೆ, ಆ ಕಡೆ ತಿರುಗು ಅನ್ನೋದು ನಿಂತಿದೆ.

ಮೊನ್ನೆ ಬೆಳಿಗ್ಗೆ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಪರದೆಯನ್ನ ಫೋನಿನಲ್ಲಿ ವಾರೆಯಾಗಿ ತೆಗೆದಿದ್ದು, ಮಿಂಟ್‌ನ ಖಾಲಿ ಪುಟ, ಮೇಲೆ ದಪ್ಪ ಅಕ್ಷರದಲ್ಲಿ 'ಎಲ್ಲ ಎಲ್ಲ ಎಲ್ಲ ಎಲ್ಲ' ಅಂತ ಎರಡು ಸಾಲು. ಐದನೇ ಎಲ್ಲದಲ್ಲಿ ಎತ್ವ ನೇತಾಡುತ್ತಿತ್ತು. ಕೆಳಗೆ ಒಂದು ವಾಯ್ಸ್ ಮೆಸೇಜು: "ಇದು ಇನ್ನೂ ಅಟ್ಟದ ಮೇಲೆ ಇರಲಿ ಕಣೋ, ಸದ್ದು ಬರೋಕೆ ಶುರುವಾಗಿದೆ, ಆದ್ರೆ ಪೂರ್ತಿ ಬಿಟ್ಟಿಲ್ಲ. ನೀನು ಬರೋವಾಗ ಆ ಪ್ರಿಂಟರಿನದ್ದು ಏನಾದ್ರೂ ನೋಡು."